ಸತ್ಯಾಂಶ: ಒಂದು ಸಸಿಯಿಂದ ಕಾರಿನ ಹೊಗೆಯ ಲೆಕ್ಕ ಚುಕ್ತಾ ಆಗದು

ಒಂದು ಹೊಂಗೆ ಸಸಿ ನೆಟ್ಟರೆ ಕಾರು ಉಗುಳಿದ ಇಂಗಾಲವೆಲ್ಲ ಸರಿಹೋಯಿತು ಎಂಬ ಸಂದೇಶ ಮಳೆಗಾಲ ಬಂತೆಂದರೆ ಬೆಂಗಳೂರಿನ ಅಪಾರ್ಟ್‌ಮೆಂಟ್ ಗುಂಪುಗಳಲ್ಲಿ ಸುತ್ತುತ್ತದೆ. ಆಶಯ ಒಳ್ಳೆಯದೇ, ಲೆಕ್ಕ ತಪ್ಪು.

ನೀವೇ ಗುಣಿಸಿ ನೋಡಿ. ಒಂದು ಲೀಟರ್ ಪೆಟ್ರೋಲ್ ಉರಿದರೆ ಸುಮಾರು 2.3 ಕೆಜಿ ಕಾರ್ಬನ್ ಡೈಆಕ್ಸೈಡ್. ಲೀಟರಿಗೆ 15 ಕಿ.ಮೀ. ಕೊಡುವ ಕಾರು ವರ್ಷಕ್ಕೆ 9,000 ಕಿ.ಮೀ. ಓಡಿದರೆ 600 ಲೀಟರ್, ಅಂದರೆ 1,380 ಕೆಜಿ. ಒಣಮರದ ತೂಕದಲ್ಲಿ ಹೆಚ್ಚುಕಡಿಮೆ ಅರ್ಧ ಇಂಗಾಲ, ಒಂದು ಕೆಜಿ ಇಂಗಾಲ ಅಂದರೆ 3.67 ಕೆಜಿ ಕಾರ್ಬನ್ ಡೈಆಕ್ಸೈಡ್, ಹಾಗಾಗಿ ಅದನ್ನು 3.67ರಿಂದ ಗುಣಿಸಿದರೆ ಮರ ಹೀರಿದ ಅನಿಲದ ತೂಕ. ಹಾಗಾದರೆ ಆ ಸಸಿ ವರ್ಷಕ್ಕೆ 750 ಕೆಜಿ ಒಣತೂಕ ಕೂಡಿಸಿಕೊಳ್ಳಬೇಕು! ಮೊಣಕಾಲೆತ್ತರದ ಗಿಡಕ್ಕೆ ಆಗುವ ಮಾತಲ್ಲ.

ಮೇ ತಿಂಗಳ ಗಾಳಿಮಳೆಗೆ ಮರ ಉರುಳಿ ಕೊಳೆತರೆ ಬಹುಪಾಲು ಇಂಗಾಲ ಮತ್ತೆ ಗಾಳಿಗೇ. ಗಾಳಿಯಿಂದ ಇಂಗಾಲ ತೆಗೆಯುವ ನೀತಿಚರ್ಚೆಯಲ್ಲೂ ಕೇಳಬೇಕಾದ್ದು ಇದೇ: ಎಷ್ಟು ಕೆಜಿ, ಎಷ್ಟು ವರ್ಷ ಉಳಿಯುತ್ತದೆ? ಹೊಂಗೆ ನೆಡಿ, ನೆರಳಿಗಾಗಿ.