ಸತ್ಯಾಂಶ: ಐರಿಷ್ ಕೊಳಲು ಸಾವಿರಾರು ವರ್ಷ ಹಳೆಯದೇ?

ಕಪ್ಪು ಮರದ ಕೊಳಲಿನ ಚಿತ್ರ. ಐರ್ಲೆಂಡಿನ ಈ ವಾದ್ಯ ಸಾವಿರಾರು ವರ್ಷಗಳಿಂದ ಬದಲಾಗಿಲ್ಲ ಎಂಬ ಒಕ್ಕಣೆ. ಮೊಬೈಲಿಗೆ ಪದೇ ಪದೇ ಬರುವ ಈ ಸಂದೇಶ ನಿಜವಲ್ಲ. ಆ ನಾದ ಕೇಳಿದವರಿಗೆ ಹಾಗೆನಿಸುವುದು ಮಾತ್ರ ಸಹಜ.

ಅಲ್ಲಿನ ಸಾಂಪ್ರದಾಯಿಕ ವಾದಕರ ಕೈಯಲ್ಲಿರುವುದು 19ನೇ ಶತಮಾನದ ಯುರೋಪಿನ ವಾದ್ಯವೃಂದಗಳ ಕೊಳಲಿನ ಮಾದರಿ. 1847ರಲ್ಲಿ ಜರ್ಮನಿಯಲ್ಲಿ ಹೊಸ ವಿನ್ಯಾಸದ ಲೋಹದ ಕೊಳಲು ಬಂತು. ವೃತ್ತಿಪರರು ಕ್ರಮೇಣ ಅದರತ್ತ ಹೊರಳಿದಾಗ, ಹಳೆಯ ಮರದ ಕೊಳಲುಗಳು ಅಗ್ಗದ ಬೆಲೆಗೆ ಐರ್ಲೆಂಡಿನ ಹಳ್ಳಿಗಳನ್ನು ಸೇರಿದವು. ಪರರು ಬಿಟ್ಟ ವಾದ್ಯಕ್ಕೆ ಅಲ್ಲಿನವರು ತಮ್ಮ ಕುಣಿತದ ಲಯವನ್ನೂ ಉಸಿರನ್ನೂ ತುಂಬಿದರು. ನನ್ನ ಮಟ್ಟಿಗೆ ಆ ಪುರಾಣಕ್ಕಿಂತ ಇದೇ ದೊಡ್ಡ ಸಂಗತಿ. ಐರಿಷ್ ಸಂಗೀತದ ಇನ್ನೊಂದು ಊದುವ ವಾದ್ಯವಾದ ತಗಡಿನ ವಿಸಲ್ ಕೂಡ 1840ರ ದಶಕದಲ್ಲಿ ಇಂಗ್ಲೆಂಡಿನಲ್ಲಿ ತಯಾರಾಗತೊಡಗಿದ್ದು. ಡಬ್ಲಿನ್ನಿನ ಉತ್ಖನನದಲ್ಲಿ 12ನೇ ಶತಮಾನದ ಮೂಳೆಯ ಪೀಪಿಗಳು ಸಿಕ್ಕಿವೆ, ಆದರೆ ಅವು ಈ ಅಡ್ಡ ಕೊಳಲಲ್ಲ.

ಇಂಥ ಚಿತ್ರ ಬಂದರೆ ಹಿಗ್ಗಿಸಿ ನೋಡಿ. ಹಳೆಯ ಕೊಳಲಿನ ಮೈಮೇಲೆ ಹಲವು ಬಾರಿ ರಂಧ್ರಗಳನ್ನು ಮುಚ್ಚಿ ತೆರೆಯುವ ಲೋಹದ ಕೀಲಿಗಳೂ ತಯಾರಕನ ಹೆಸರಿನ ಕೆಳಗೆ ‘ಲಂಡನ್’ ಎಂಬ ಮುದ್ರೆಯೂ ಕಾಣುತ್ತವೆ. ಮರ ಯಾವುದೆಂದೂ ಕೇಳಿ: ಆಗ ಬಹಳವಾಗಿ ಬಳಸುತ್ತಿದ್ದ ಕೋಕಸ್ ಮರ ಬೆಳೆಯುವುದು ಕೆರಿಬಿಯನ್ ದ್ವೀಪಗಳಲ್ಲಿ. ವಸ್ತುಸಂಗ್ರಹಾಲಯಗಳ ಜಾಲತಾಣಗಳಲ್ಲಿ ಇಂಥ ಕೊಳಲುಗಳ ಚಿತ್ರದ ಜೊತೆಗೇ ತಯಾರಾದ ಕಾಲವೂ ಇರುತ್ತದೆ.