ಸತ್ಯಾಂಶ: ಕಂದು ನಡುನರದ ಮೇವು ಕುಲಾಂತರಿಯೇ?

ಎಲೆಯ ನಡುನರ ಕಂದಾಗಿರುವ ಮೆಕ್ಕೆಜೋಳದ ಮೇವು ಕುಲಾಂತರಿ (ಪ್ರಯೋಗಾಲಯದಲ್ಲಿ ವಂಶವಾಹಿ ಬದಲಿಸಿ ರೂಪಿಸಿದ್ದು), ಅದನ್ನು ತಿಂದ ಹಸುವಿನ ಹಾಲು ವಿಷ ಎಂಬ ಸಂದೇಶವೊಂದು ಹರಿದಾಡುತ್ತಿದೆ, ಇದು ಸುಳ್ಳು. ಈ ಗುಣವು 1924ರಲ್ಲಿ ಅಮೆರಿಕದ ಮಿನ್ನೆಸೋಟದಲ್ಲಿ ಮೆಕ್ಕೆಜೋಳದ ಗಿಡಗಳಲ್ಲಿ ತಾನಾಗಿಯೇ ಕಾಣಿಸಿಕೊಂಡಿದ್ದು, ತಳಿ ವಿಜ್ಞಾನಿಗಳು ಅದನ್ನು ಸಾಂಪ್ರದಾಯಿಕ ಸಂಕರಣದಿಂದಲೇ ಬೇರೆ ತಳಿಗಳಿಗೆ ದಾಟಿಸಿದರು. ಕಾಂಡಕ್ಕೆ ಗಟ್ಟಿತನ ಕೊಡುವ ಲಿಗ್ನಿನ್ ಹಸುವಿನ ಹೊಟ್ಟೆಯಲ್ಲಿ ಜೀರ್ಣವಾಗುವುದಿಲ್ಲ. ಅಷ್ಟೇ ಅಲ್ಲ, ತಾನು ಅಂಟಿಕೊಂಡಿರುವ ನಾರನ್ನೂ ಅಲ್ಲಿನ ಸೂಕ್ಷ್ಮಜೀವಿಗಳಿಗೆ ಸಿಗದಂತೆ ತಡೆಯುತ್ತದೆ. ಕಂದು ನಡುನರದ ಗಿಡದಲ್ಲಿ ಲಿಗ್ನಿನ್ ಕಡಿಮೆಯಿರುವುದರಿಂದ ನಾರಿನ ಹೆಚ್ಚಿನ ಪಾಲು ಜೀರ್ಣವಾಗುತ್ತದೆ, ಹಸುವೂ ಹೆಚ್ಚು ಮೇವು ತಿನ್ನುತ್ತದೆ. ಹಾಗೆಂದು ಇದನ್ನು ಹಾಡಿ ಹೊಗಳಬೇಕಾಗಿಲ್ಲ: ಇಳುವರಿ ಸಾಮಾನ್ಯವಾಗಿ ತುಸು ಕಡಿಮೆ, ಗಾಳಿಗೆ ಬಾಗಿ ಬೀಳುವ ಸಂಭವವೂ ಇದೆ. ಎಳೆಯ ಜೋಳದ (ಮೆಕ್ಕೆಜೋಳವಲ್ಲ, ರೊಟ್ಟಿ ಮಾಡುವ ಜೋಳ) ಮೇವಿನಿಂದ ಸಯನೈಡ್ ವಿಷವಾಗುವ ಅಪಾಯ ಮಾತ್ರ ನಿಜವಾದದ್ದೇ; ಆದರೆ ಅದಕ್ಕೂ ನಡುನರದ ಬಣ್ಣಕ್ಕೂ ಸಂಬಂಧವಿಲ್ಲ.