ಟೂರಿನ ಡಬ್ಬಿ

ಸಂಕ್ರಾಂತಿಗೆ ಒಂದು ವಾರ ಇರುವಾಗ ಮಗಳ ಸ್ಕೂಲಿನಿಂದ ಮೆಸೇಜು ಬಂತು. ನಾಲ್ಕನೇ ಕ್ಲಾಸಿನವರಿಗೆ ರಂಗನತಿಟ್ಟು, ಮೈಸೂರು ಝೂ. ಮಂಗಳವಾರ ಝೂಗೆ ರಜೆ, ಹಾಗಾಗಿ ಬುಧವಾರ, ಹಬ್ಬದ ಹಿಂದಿನ ದಿನ. ಬೆಳಿಗ್ಗೆ ಐದೂವರೆಗೆ ಗೇಟಿನ ಹತ್ತಿರ ಇರಬೇಕು. ಕೊನೆಗೆ ಒಂದು ಸಾಲು: ಊಟದ ಡಬ್ಬಿ ಹಬ್ಬದ ಥೀಮಿನಲ್ಲಿರಲಿ, ಹೆಲ್ದಿ ಆಗಿರಲಿ, ಚಿಪ್ಸು ಬೇಡ.

ಥೀಮಂತೆ! ನಮ್ಮ ಕಾಲದಲ್ಲಿ ಟೂರಿನ ಊಟಕ್ಕೆ ಇದ್ದದ್ದು ಒಂದೇ ಥೀಮು, ಹಳಸಬಾರದು. ಬೇಲೂರು, ಹಳೇಬೀಡು, ಶ್ರವಣಬೆಳಗೊಳ ಮೂರನ್ನೂ ಒಂದೇ ದಿನಕ್ಕೆ ಮುಗಿಸುವ ಬಸ್ಸು. ಅಮ್ಮ ಚಪಾತಿಗೆ ತುಪ್ಪ ಸವರಿ, ಚಟ್ನಿಪುಡಿ ಉದುರಿಸಿ, ಸುರುಳಿ ಸುತ್ತಿ, ಬಾಳೆ ಎಲೆಯಲ್ಲಿ ಕಟ್ಟಿ ಕೊಡುತ್ತಿದ್ದಳು. ಗೊಮ್ಮಟನ ಬೆಟ್ಟ ಹತ್ತಿ ಇಳಿದವರಿಗೆ ಅದೇ ಅಮೃತ.

ಅಮ್ಮಂದಿರ ವಾಟ್ಸಾಪ್ ಗ್ರೂಪಿನಲ್ಲಿ ಫೋಟೋಗಳ ಸುರಿಮಳೆ ಶುರುವಾಯಿತು. ಗಾಳಿಪಟದ ಆಕಾರದ ಸ್ಯಾಂಡ್‌ವಿಚ್. ಅಲ್ಲ, ಸಂಕ್ರಾಂತಿಗೆ ಗಾಳಿಪಟ ಹಾರಿಸುವುದು ಗುಜರಾತಿನವರು, ನಮ್ಮ ಕಡೆ ಅದು ಆಷಾಢದ ಗಾಳಿಗೆ ಅಲ್ವಾ? ಹಾಗಂತ ಬರೆದು, ಆಮೇಲೆ ಅಳಿಸಿದೆ. ಸುಮ್ನೆ ಯಾಕೆ ಜಗಳ. ಆದರೆ ಹುಳ ತಲೆಗೆ ಹೊಕ್ಕಿತ್ತು. ಭಾನುವಾರ ಕೂತು ಇಡ್ಲಿಯಲ್ಲಿ ಹಸುವಿನ ಮುಖ ಮಾಡಿದೆ. ಮೆಣಸಿನ ಕಾಳಿನ ಕಣ್ಣು, ಕ್ಯಾರೆಟ್ಟಿನ ಕೊಂಬು.

"ಅಮ್ಮಾ, ಇದು ನಾಯಿನಾ?"

"ಹಸು ಕಣೇ."

"ಹಂಗಾದ್ರೆ ತಿನ್ನಲ್ಲ. ಪಾಪ."

ಅತ್ತೆ ಅಲ್ಲೇ ಕೂತು ಕೊಬ್ಬರಿಯ ಬೆನ್ನು ಹೆರೆಯುತ್ತಿದ್ದರು. ತಲೆ ಎತ್ತದೆ ಹೇಳಿದರು: "ಹಬ್ಬದ ಊಟ ಅಂದ್ರೆ ಹಬ್ಬದಲ್ಲಿ ಮಾಡೋದನ್ನ ಕಟ್ಟೋದು ಕಣಮ್ಮ. ಅದಕ್ಕೆ ಕೊಂಬು ಯಾಕೆ?"

ಸರಿ, ಪುಳಿಯೋಗರೆ ಅಂತಾಯಿತು. ಅದರಲ್ಲೇ ಹುರಿದ ಎಳ್ಳಿನ ಪುಡಿ ಇರುತ್ತೆ, ಥೀಮೂ ಆಯಿತು. ನನಗೆ ಅವರೆಕಾಳು ಉಪ್ಪಿಟ್ಟಿನ ಮೇಲೆ ಆಸೆ ಇತ್ತು. ಸೊಗಡಿನ ಕಾಲ ಬೇರೆ. ಆದರೆ ತೆಂಗಿನತುರಿ ಹಾಕಿದ್ದನ್ನು ಮಧ್ಯಾಹ್ನದವರೆಗೆ ಬಸ್ಸಿನ ಸೆಖೆಯಲ್ಲಿ ನಂಬುವ ಹಾಗಿಲ್ಲ. ಹುಣಸೆಹಣ್ಣು, ಎಣ್ಣೆ ಇದ್ದರೆ ಭಯವಿಲ್ಲ. ಒಂದೇ ಎಚ್ಚರ, ಅನ್ನವನ್ನು ತಟ್ಟೆಗೆ ಹರಡಿ ಪೂರ್ತಿ ಆರಿಸಬೇಕು. ಬಿಸಿ ಬಿಸಿ ತುಂಬಿದರೆ ಮುಚ್ಚಳ ಬೆವರುತ್ತೆ, ಆ ಬೆವರು ಮತ್ತೆ ಅನ್ನಕ್ಕೇ ಇಳಿಯುತ್ತೆ. ಜೊತೆಗೆ ಚಿಕ್ಕ ಡಬ್ಬಿಯಲ್ಲಿ ಮೊಸರನ್ನ. ಹಾಲು ಜಾಸ್ತಿ, ಮೊಸರು ಒಂದೇ ಚಮಚ. ಅದು ದಾರಿಯಲ್ಲೇ ಹೆಪ್ಪಾಗಿ ಊಟದ ಹೊತ್ತಿಗೆ ಹದಕ್ಕೆ ಬರುತ್ತೆ. ಏಲಕ್ಕಿ ಬಾಳೆಹಣ್ಣು ಎರಡು, ಬ್ಯಾಗಿನ ಮೇಲ್ಗಡೆ. ಹೋದ ವರ್ಷ ನೀರಿನ ಬಾಟಲಿಯ ಕೆಳಗೆ ಸಿಕ್ಕಿದ ಹಣ್ಣು ಏನಾಯಿತು ಅನ್ನುವುದನ್ನು ಅವಳ ಸ್ವೆಟರನ್ನೇ ಕೇಳಬೇಕು.

ಇನ್ನು ಎಳ್ಳುಬೆಲ್ಲ. ಅತ್ತೆಗೆ ಇದರಲ್ಲಿ ರಾಜಿಯಿಲ್ಲ. ಅಂಗಡಿಯ ಪ್ಯಾಕೆಟ್ಟಿನಲ್ಲಿ ಹುರಿಗಡಲೆಯೇ ಜಾಸ್ತಿ ಅಂತ ದೂರು. ಅಚ್ಚುಬೆಲ್ಲವನ್ನು ಅಡಕತ್ತರಿಯಲ್ಲಿ ಸಣ್ಣಗೆ ಕತ್ತರಿಸುತ್ತಾರೆ. ಕೊಬ್ಬರಿ, ಬೆಲ್ಲ ಎರಡೂ ತಾರಸಿಯಲ್ಲಿ ಬಿಸಿಲು ಕಾಯುತ್ತವೆ. ಕಡಲೆಕಾಯಿ ಬೀಜ ಹುರಿದು, ಅಂಗೈಯಲ್ಲಿ ಉಜ್ಜಿ, ಮೊರದಲ್ಲಿ ಕೇರಿದರೆ ಸಿಪ್ಪೆ ಹಾರಿ ಅಡಿಗೆಮನೆ ತುಂಬ ಕೆಂಪು ಚಿಟ್ಟೆ. ಕೊನೆಗೆ ಎಳ್ಳು, ಜೀರಿಗೆ ಪೆಪ್ಪರಮೆಂಟು.

"ಬಸ್ಸಲ್ಲಿ ಎಷ್ಟು ಜನ?" ಅಂದರು ಅತ್ತೆ.

"42, ಮಿಸ್‌ಗಳೂ ಸೇರಿ. ಡ್ರೈವರ್ ಅಂಕಲ್, ಕ್ಲೀನರ್ ಅಣ್ಣ ಇಬ್ರು. ಆಮೇಲೆ ಇನ್ನೊಂದು ಎಕ್ಸ್‌ಟ್ರಾ."

ಹಬ್ಬಕ್ಕೆ ಮುಂಚೆಯೇ ಎಳ್ಳು ಬೀರುವುದಾ ಅಂತ ಅತ್ತೆ ಒಂದು ಗಳಿಗೆ ಯೋಚಿಸಿದರು. ದೇವರ ಮುಂದೆ ಒಂದು ಬಟ್ಟಲು ಎತ್ತಿಟ್ಟು, 45 ಪೊಟ್ಟಣ ಕಟ್ಟಿದರು.

ಬುಧವಾರ ರಾತ್ರಿ ಒಂಬತ್ತಕ್ಕೆ ಬಂದಳು. ಡಬ್ಬಿ ಖಾಲಿ. ನನಗೆ ಹೆಮ್ಮೆ. ವಿಚಾರಿಸಿದರೆ ಪುಳಿಯೋಗರೆ ತಿಂದದ್ದು ಪಕ್ಕದ ಸೀಟಿನ ಹುಡುಗಿ. ಇವಳು ಅವಳ ಅಕ್ಕಿರೊಟ್ಟಿ ತಿಂದಿದ್ದಾಳೆ, ಅದೂ ಅವರೆಕಾಳಿನದ್ದು! ಗಾಳಿಪಟದ ಸ್ಯಾಂಡ್‌ವಿಚ್ಚು ಬಾಲ ಕಳಚಿಕೊಂಡಿತ್ತಂತೆ. ಯಾರೋ ಕದ್ದು ತಂದಿದ್ದ ಚಿಪ್ಸು ಮಾತ್ರ ರಾಮನಗರ ದಾಟುವ ಮೊದಲೇ ಎಲ್ಲರೂ ಸೇರಿ ಮುಗಿಸಿದ್ದರಂತೆ.

ಬ್ಯಾಗಿನ ತಳದಲ್ಲಿ ಒಂದು ಪೊಟ್ಟಣ ಉಳಿದಿತ್ತು. ಆ ಎಕ್ಸ್‌ಟ್ರಾ.

"ಇದ್ಯಾರಿಗೆ ಇಟ್ಟಿದ್ದೆ?"

ರಂಗನತಿಟ್ಟಿನಲ್ಲಿ ದೋಣಿ ಹೋಗುವಾಗ ಬಂಡೆಯ ಮೇಲೆ ಮೊಸಳೆ ಬಾಯಿ ತೆರೆದುಕೊಂಡು ಮಲಗಿತ್ತಂತೆ. ಮೈ ಬಿಸಿ ಇಳಿಸಿಕೊಳ್ಳಲು ಅದು ಹಾಗೆ ಬಾಯಿ ತೆರೆಯುತ್ತೆ ಅಂತ ಮಿಸ್ ಹೇಳಿಕೊಟ್ಟರೂ ಇವಳಿಗೆ ನಂಬಿಕೆಯಿಲ್ಲ.

"ಅದಕ್ಕೂ ಎಳ್ಳುಬೆಲ್ಲ ಕೊಟ್ಟು ಒಳ್ಳೆ ಮಾತಾಡು ಅನ್ನೋಣ ಅಂತಿದ್ದೆ ಅಜ್ಜಿ. ಮಿಸ್ ಬಿಡ್ಲಿಲ್ಲ."